ಎಳೆಯುವ ಮಿತಿಗೆ ಮೊದಲೇ ಹೊರುವ ಮಿತಿ ಮುಗಿಯುತ್ತದೆ

"ಗಾಡಿ ಹಿಂದೆ ಕೂತುಬಿಟ್ಟಿದೆ, ಸ್ಪ್ರಿಂಗ್‌ಗೆ ಇನ್ನೊಂದು ಉಕ್ಕಿನ ಪಟ್ಟಿ ಹಾಕಿಕೊಡಿ." ಪಿಕಪ್ ಇಟ್ಟುಕೊಂಡವರು ನನ್ನ ಹತ್ತಿರ ಬಂದು ಜಾಸ್ತಿ ಕೇಳುವುದು ಇದನ್ನೇ. ಭಾರ ಹೊರುವ ವಾಹನಗಳ ಸಸ್ಪೆನ್ಷನ್ ಮತ್ತು ಬ್ರೇಕ್ ನೋಡುವುದು ನನ್ನ ಕೆಲಸ. ಸ್ಪ್ರಿಂಗ್‌ಗೆ ಒಂದು ಪಟ್ಟಿ ಸೇರಿಸುವುದು ಕಷ್ಟವೇನಲ್ಲ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ಪೂರ್ತಿ ಲೋಡ್ ಹಾಕಿ, ಟ್ರೇಲರ್ ಕಟ್ಟಿ, ಗಾಡಿಯನ್ನು ಎಂದಾದರೂ ತೂಗಿಸಿದ್ದೀರಾ? ಹೆಚ್ಚಿನವರ ಉತ್ತರ ಇಲ್ಲ. "ಮೂರು ಟನ್ ಎಳೆಯುತ್ತದೆ ಅಂತ ಬ್ರೋಷರ್‌ನಲ್ಲೇ ಇದೆ ಅಲ್ವಾ?"

ಇದೆ, ಸುಳ್ಳಲ್ಲ. ಆದರೆ ಅದೇ ಬ್ರೋಷರ್‌ನಲ್ಲಿ ಪಕ್ಕದ ಸಾಲಿನಲ್ಲಿ ಪೇಲೋಡ್, ಅಂದರೆ ಗಾಡಿ ಹೊರಬಹುದಾದ ಭಾರ, ಎಂದು ಇನ್ನೊಂದು ಅಂಕಿ ಇರುತ್ತದೆ. ಎರಡನ್ನೂ ಒಟ್ಟಿಗೆ ಪೂರ್ತಿ ಬಳಸಬಹುದು ಎಂದು ಜನ ತಿಳಿಯುತ್ತಾರೆ. ಬಹುಪಾಲು ಪಿಕಪ್‌ಗಳಲ್ಲಿ ಅದು ಆಗದ ಮಾತು.

ಲೆಕ್ಕಕ್ಕೆ ಬೇಕಾದ ಪದಗಳು ನಾಲ್ಕೇ. ಖಾಲಿ ಗಾಡಿಯ ತೂಕ. ಗಾಡಿ ತನ್ನ ಮೇಲಿನ ಎಲ್ಲ ಹೊರೆಯೊಂದಿಗೆ ಎಷ್ಟು ತೂಗಬಹುದು ಎಂಬ ಮಿತಿ, ಅದು ಜಿವಿಡಬ್ಲ್ಯು. ಗಾಡಿ, ಟ್ರೇಲರ್ ಎರಡೂ ಸೇರಿ ಎಷ್ಟು ತೂಗಬಹುದು ಎಂಬ ಮಿತಿ, ಅದು ಜಿಸಿಡಬ್ಲ್ಯು. ಕೊನೆಯದು ಒಂದೊಂದು ಆಕ್ಸಲ್‌ನ, ಅಂದರೆ ಚಕ್ರಗಳ ಅಚ್ಚಿನ, ಮಿತಿ. ಇವು ಗಾಡಿಯ ಕೈಪಿಡಿಯಲ್ಲಿ ಸಿಗುತ್ತವೆ. ಕೆಲವು ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲೂ ಇರುತ್ತವೆ. ಜಿವಿಡಬ್ಲ್ಯುನಿಂದ ಖಾಲಿ ತೂಕ ಕಳೆದರೆ ಉಳಿಯುವುದೇ ಪೇಲೋಡ್. ಅದರಲ್ಲಿ ಸಾಮಾನು ಮಾತ್ರ ಅಲ್ಲ, ಕೂತ ಜನರೂ ಸೇರುತ್ತಾರೆ. ಗಾಡಿ ಕೊಂಡಮೇಲೆ ನೀವು ಹಾಕಿಸಿದ ಕ್ಯಾನೊಪಿ (ಹಿಂಬದಿಯ ಮುಚ್ಚುಗೆ), ಬುಲ್ ಬಾರ್ (ಮುಂದಿನ ರಕ್ಷಣಾ ಕಂಬಿ), ಟ್ರೇಲರ್ ಕಟ್ಟುವ ಕೊಂಡಿಯಾದ ಹಿಚ್, ಎಲ್ಲವೂ ಅದರಲ್ಲೇ ಬರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ಪಿಕಪ್, ಖಾಲಿ ತೂಕ 2,050 ಕೆಜಿ, ಜಿವಿಡಬ್ಲ್ಯು 2,900 ಕೆಜಿ. ಪೇಲೋಡ್ 850 ಕೆಜಿ ಆಯಿತು. ಎಳೆಯುವ ಮಿತಿ 3,000 ಕೆಜಿ, ಜಿಸಿಡಬ್ಲ್ಯು 5,300 ಕೆಜಿ ಎಂದಿಟ್ಟುಕೊಳ್ಳಿ. ಐದು ಜನ ಕೂತರು, 340 ಕೆಜಿ. ಕ್ಯಾನೊಪಿ 60, ಹಿಚ್ 30. ಹಿಂದೆ ಸಾಮಾನು, ನೀರು ಸೇರಿ 120. ಒಟ್ಟು 550 ಕೆಜಿ ಹೋಯಿತು, ಉಳಿದದ್ದು 300. ಈಗ 3,000 ಕೆಜಿಯ ಟ್ರೇಲರ್ ಕಟ್ಟುತ್ತೀರಿ.

ಇಲ್ಲೇ ಎಲ್ಲರೂ ಎಡವುವುದು. ಟ್ರೇಲರ್‌ನ ಭಾರ ಪೂರ್ತಿ ಅದರ ಚಕ್ರಗಳ ಮೇಲೆ ಇರುವುದಿಲ್ಲ. ಅದರ ಮೂಗು ನಿಮ್ಮ ಗಾಡಿಯ ಹಿಚ್ ಮೇಲೆ ಒರಗಿರುತ್ತದೆ. ಬಾಲ್ ಹಿಚ್‌ಗೆ (ಗುಂಡು ತಲೆಯ ಹಿಚ್) ಕಟ್ಟುವ ಟ್ರೇಲರ್‌ನಲ್ಲಿ ಈ ಮೂಗಿನ ಭಾರ ಟ್ರೇಲರ್ ತೂಕದ 10ರಿಂದ 15 ಶೇಕಡಾ ಇರಬೇಕು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ನಿಯಮ. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುತ್ತಾರೆ. ನಾನು 12 ಶೇಕಡಾ ಹಿಡಿಯುತ್ತೇನೆ. 3,000 ಕೆಜಿಗೆ 360 ಕೆಜಿ ಆಯಿತು. ಅದು ಎಳೆಯುವ ಭಾರ ಅಲ್ಲ, ಹೊರುವ ಭಾರ. ನಿಮ್ಮ ಪೇಲೋಡ್‌ನಲ್ಲಿ ಉಳಿದಿದ್ದು 300 ಮಾತ್ರ. ಆಗಲೇ 60 ಕೆಜಿ ಮೀರಿತು. ಇನ್ನು ಜಿಸಿಡಬ್ಲ್ಯು ನೋಡಿ. ಹೊರೆ ಸಮೇತ ಗಾಡಿ 2,600, ಟ್ರೇಲರ್ 3,000, ಒಟ್ಟು 5,600 ಕೆಜಿ. ಅಲ್ಲೂ 300 ಕೆಜಿ ಮೀರಿತು. ಈ ಕುಟುಂಬ, ಈ ಸಾಮಾನಿನ ಜೊತೆ ಈ ಗಾಡಿ ನಿಜವಾಗಿ ಎಳೆಯಬಹುದಾದದ್ದು 2,500 ಕೆಜಿ, ಅದರ 12 ಶೇಕಡಾ ಸರಿಯಾಗಿ ಉಳಿದ 300. ಎಂಜಿನ್‌ಗೆ ಇನ್ನೂ ಶಕ್ತಿ ಇದೆ. ಹೊರುವ ಜಾಗ ಮುಗಿಯಿತು, ಅಷ್ಟೆ.

ಬ್ರೋಷರ್‌ನ ಅಂಕಿ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇ ಮಾಡಿದ ಜೆ2807 ಎಂಬ ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ ಸುಮಾರು 18 ಕಿಲೋಮೀಟರ್, ಸುಡುವ ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು ಟ್ರೇಲರ್ ಎಳೆಯಬೇಕು. ಕಠಿಣ ಪರೀಕ್ಷೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಲೆಕ್ಕದಲ್ಲಿ ಗಾಡಿಯಲ್ಲಿ ಇರುವುದು ಇಬ್ಬರು, ತಲಾ 68 ಕೆಜಿ. ಮಕ್ಕಳಿಲ್ಲ, ಚೀಲಗಳಿಲ್ಲ. ನಿಮ್ಮ ಪ್ರಯಾಣ ಹಾಗಿರುತ್ತದೆಯೇ?

ಮತ್ತೊಂದು ವಿಷಯ, ನನಗೆ ತುಂಬಾ ಮುಖ್ಯ ಅನ್ನಿಸುವುದು. ಹಿಚ್ ಇರುವುದು ಹಿಂದಿನ ಆಕ್ಸಲ್ ಮೇಲೆ ಅಲ್ಲ, ಅದಕ್ಕಿಂತ ಹಿಂದೆ. ಅಲ್ಲಿ ಭಾರ ಬಿದ್ದರೆ ಗಾಡಿ ಏತದ ಹಾಗೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3.2 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ಗೆ 1.2 ಮೀಟರ್ ಇದ್ದರೆ, ಹಿಚ್ ಮೇಲಿನ 300 ಕೆಜಿ ಹಿಂದಿನ ಆಕ್ಸಲ್‌ಗೆ ಸುಮಾರು 412 ಕೆಜಿ ಆಗಿ ಮುಟ್ಟುತ್ತದೆ. ಹೆಚ್ಚಾದ 112 ಕೆಜಿ ಮುಂದಿನ ಆಕ್ಸಲ್‌ನಿಂದ ಕಿತ್ತುಕೊಂಡದ್ದು. ಸ್ಟೇರಿಂಗ್ ಇರುವುದು ಮುಂದೆ, ಬ್ರೇಕ್ ಹೆಚ್ಚು ಹಿಡಿಯುವುದೂ ಮುಂದೆ. "ಸ್ಟೇರಿಂಗ್ ಹಗುರ ಆಗಿದೆ, ಓಡಿಸೋಕೆ ಆರಾಮ" ಎಂದು ಯಾರಾದರೂ ಹೇಳಿದರೆ ನನಗೆ ಭಯವಾಗುತ್ತದೆ. ಡಬಲ್ ಕ್ಯಾಬ್ ಗಾಡಿಗಳ ಚಾಸಿ ಕ್ಯಾಬ್‌ನ ಹಿಂದೆ ಬಾಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾಡಿಯ ಕೊನೆಯಲ್ಲಿ ಹೊರೆ, ಅದರ ಹಿಂದೆ ಭಾರದ ಟ್ರೇಲರ್, ಮೇಲೆ ಹದಗೆಟ್ಟ ರಸ್ತೆಯ ಕುಲುಕಾಟ. ಕಬ್ಬಿಣವೂ ಸೋಲುತ್ತದೆ.

ಹಾಗಾದರೆ ಪಟ್ಟಿ ಸೇರಿಸಿದರೆ ಏನಾಗುತ್ತದೆ? ಗಾಡಿಯ ಹಿಂಭಾಗ ಮೇಲೇಳುತ್ತದೆ. ಅಷ್ಟೆ. ಜಿವಿಡಬ್ಲ್ಯು ಒಂದು ಕೆಜಿಯೂ ಏರುವುದಿಲ್ಲ. ಆ ಮಿತಿ ಸ್ಪ್ರಿಂಗ್ ಒಂದನ್ನೇ ನೋಡಿ ಹಾಕಿದ್ದಲ್ಲ. ಚಾಸಿ, ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲವನ್ನೂ ನೋಡಿ ಹಾಕಿದ್ದು. ಗಾಡಿ ಕೂರುವುದು ಅದು ನಿಮಗೆ ಕೊಡುವ ಸೂಚನೆ. ಪಟ್ಟಿ ಹಾಕಿ ಸೂಚನೆಯನ್ನು ಮುಚ್ಚಿದರೆ ಬೇರಿಂಗ್‌ಗೆ, ಬ್ರೇಕ್‌ಗೆ ಬೀಳುವ ಭಾರ ಹಾಗೇ ಇರುತ್ತದೆ. ಸ್ಪ್ರಿಂಗ್‌ಗೆ ಆಸರೆಯಾಗಿ ಹಾಕುವ ಗಾಳಿ ಚೀಲಕ್ಕೂ (ಏರ್ ಬ್ಯಾಗ್) ಇದೇ ಮಾತು.

ಟೈರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಬರೆದ ಅಳತೆಯ ಕೊನೆಯಲ್ಲಿ ಲೋಡ್ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ. 100 ಎಂದರೆ ಒಂದು ಟೈರ್‌ಗೆ 800 ಕೆಜಿ, 112 ಎಂದರೆ 1,120 ಕೆಜಿ, ಅದೂ ಸರಿಯಾದ ಗಾಳಿ ಇದ್ದರೆ ಮಾತ್ರ. ಬದಲಿಸುವಾಗ ಕಡಿಮೆ ಇಂಡೆಕ್ಸ್‌ನ ಟೈರ್ ಹಾಕಬೇಡಿ.

ಮರಳು, ನೀರು ಸಾಗಿಸುವವರು ಕಣ್ಣಳತೆಯನ್ನು ನಂಬಬಾರದು. ಒಂದು ಘನ ಮೀಟರ್ ನೀರು 1,000 ಕೆಜಿ. ಅಷ್ಟೇ ಒಣ ಮರಳು ಸುಮಾರು 1,600 ಕೆಜಿ, ಒದ್ದೆ ಮರಳು ಇನ್ನೂ ಜಾಸ್ತಿ. ಮರಳಾದರೆ ಬಾಡಿ ಪೂರ್ತಿ ತುಂಬುವ ಮೊದಲೇ ಮಿತಿ ದಾಟಿರಬಹುದು.

ಮೂಗಿನ ಭಾರ ಕಷ್ಟ ಕೊಡುತ್ತದೆ ಅಂತ ಸಾಮಾನನ್ನೆಲ್ಲ ಟ್ರೇಲರ್‌ನ ಹಿಂದಕ್ಕೆ ತಳ್ಳುವವರೂ ಇದ್ದಾರೆ. ಇದು ಎಲ್ಲಕ್ಕಿಂತ ಅಪಾಯ. ಮೂಗು ಹಗುರವಾದರೆ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ವೇಗ ಏರಿದಂತೆ ಆಟ ದೊಡ್ಡದಾಗಿ, ಕೊನೆಗೆ ಅದೇ ಗಾಡಿಯನ್ನು ಎಳೆದಾಡುತ್ತದೆ. ಹಾಗೆ ಆದಾಗ ಸ್ಟೇರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟ್ರೇಲರ್ ಬ್ರೇಕ್ ಮಾತ್ರ ಒತ್ತುವ ಸ್ವಿಚ್ ಇದ್ದರೆ ಅದನ್ನು ಮೆಲ್ಲಗೆ ಬಳಸಿ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು ಎಂಬ ನನ್ನ ಹಠಕ್ಕೆ ಇದೂ ಒಂದು ಕಾರಣ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ.

ತೂಗಿಸುವುದು ಹೇಗೆ? ಪೂರ್ತಿ ಲೋಡ್ ಹಾಕಿ, ಜನ ಕೂತು, ವೇಬ್ರಿಜ್‌ಗೆ ಹೋಗಿ. ಟ್ರೇಲರ್ ಬಿಚ್ಚಿ ಗಾಡಿಯನ್ನು ಮಾತ್ರ ತೂಗಿ. ಆಮೇಲೆ ಟ್ರೇಲರ್ ಕಟ್ಟಿ, ಗಾಡಿಯ ಚಕ್ರಗಳು ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಇರುವಂತೆ ನಿಲ್ಲಿಸಿ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಮೂಗಿನ ಭಾರ. ಎರಡನೆಯ ಅಂಕಿಯನ್ನು ಜಿವಿಡಬ್ಲ್ಯು ಜೊತೆ ಹೋಲಿಸಿ. ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿದರೆ ಆಕ್ಸಲ್ ಲೆಕ್ಕವೂ ಸಿಗುತ್ತದೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೂಗಿ ಜಿಸಿಡಬ್ಲ್ಯು ಜೊತೆ ಹೋಲಿಸಿ.

ಪಟ್ಟಿ ಕೇಳಿಕೊಂಡು ಬಂದ ಒಬ್ಬರನ್ನು ಹೀಗೆ ತೂಗಿಸಲು ಕಳಿಸಿದ್ದೆ. ಟ್ರೇಲರ್ 2,100 ಕೆಜಿ, ಮಿತಿಯೊಳಗೇ ಇತ್ತು. ಆದರೆ ಮೂಗಿನ ಭಾರ 400 ಕೆಜಿ! ಇಳಿಸಲು ಸುಲಭ ಅಂತ 600 ಕೆಜಿಯ ಜನರೇಟರ್ ಅನ್ನು ಟ್ರೇಲರ್‌ನ ಮುಂತುದಿಯಲ್ಲಿ ಇಡುತ್ತಿದ್ದರು. ಅದನ್ನು ಒಂದು ಮೀಟರ್ ಹಿಂದಕ್ಕೆ, ಚಕ್ರಗಳ ಕಡೆಗೆ ಸರಿಸಿದೆವು. ಮತ್ತೆ ತೂಗಿದಾಗ ಮೂಗಿನ ಭಾರ 250 ಕೆಜಿ. ಗಾಡಿಯ ಹಿಂಭಾಗ ತಾನಾಗಿ ಮೇಲೆ ಬಂತು. ಪಟ್ಟಿ ಹಾಕಲಿಲ್ಲ. ಜನರೇಟರ್ ಎಲ್ಲಿ ನಿಲ್ಲಬೇಕು ಎಂದು ಟ್ರೇಲರ್‌ನ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆದು ಕಳಿಸಿದೆ.