ಕೊಳೆ ರೋಗದ ಮುನ್ಸೂಚನೆ ತಾರೀಕಿನಲ್ಲಿದೆ

ತೀರ್ಥಹಳ್ಳಿ ಕಡೆ ಒಂದು ಅಡಿಕೆ ಸೊಸೈಟಿ ಇದೆ ಅಂದುಕೊಳ್ಳಿ. 500 ತೋಟಗಳ 10 ವರ್ಷದ ದಾಖಲೆ ಡೇಟಾಬೇಸ್‌ನಲ್ಲಿದೆ. ತೋಟಗಳಿಗೊಂದು ಟೇಬಲ್ಲು, ದಿನದಿನದ ಮಳೆಗೊಂದು, ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆದ ತಾರೀಕಿಗೊಂದು, ಕೊಳೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬಂತೋ ಇಲ್ಲವೋ ಎಂಬುದಕ್ಕೊಂದು. ತೋಟದ ನಂಬರ್ ಹಿಡಿದು ಎಲ್ಲವನ್ನೂ ಜೋಡಿಸಬಹುದು. ಈ ರಿಲೇಷನಲ್ ಪದ್ಧತಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು.

ಈ ವರ್ಷ ಯಾವ ತೋಟಕ್ಕೆ ಕೊಳೆಯ ಭಯ ಜಾಸ್ತಿ? ಹಳೆಯ ದಾಖಲೆಯಿಂದ ಇದನ್ನು ಅಂದಾಜಿಸುವ ಲೆಕ್ಕಕ್ಕೆ, ಅಂದರೆ ಮಾಡೆಲ್‌ಗೆ, ಸಂಖ್ಯಾಶಾಸ್ತ್ರದ ತಂತ್ರಾಂಶ ಬೇಕು. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್’ ಉಚಿತವಾಗಿಯೇ ಸಿಗುತ್ತದೆ. ಆದರೆ ಅದು ಸಾಮಾನ್ಯವಾಗಿ ಎಲ್ಲವನ್ನೂ ಕಂಪ್ಯೂಟರಿನ ಮೆಮೊರಿಗೆ ಎಳೆದುಕೊಂಡು ಕೆಲಸ ಮಾಡುತ್ತದೆ. ದಿನದಿನದ ಮಳೆಯನ್ನೆಲ್ಲ ಸುಮ್ನೆ ಅದಕ್ಕೆ ಯಾಕೆ ಸುರಿಯಬೇಕು? ಕೂಡಿಸುವುದು, ಎಣಿಸುವುದು ಡೇಟಾಬೇಸ್ ಮಾಡಲಿ. ತೋಟವೊಂದಕ್ಕೆ ವರ್ಷಕ್ಕೆ ಒಂದೇ ಸಾಲು, ಒಟ್ಟು 5,000 ಸಾಲು ‘ಆರ್’ಗೆ ಹೋದರೆ ಸಾಕು.

ಆ ಸಾಲಿನಲ್ಲಿ ಏನಿರಬೇಕು ಅನ್ನುವುದೇ ಮಜಾ. ಮಲೆನಾಡಿನ ಹಿರಿಯರು ಮಳೆಯನ್ನು ಆರಿದ್ರಾ, ಪುನರ್ವಸು, ಪುಷ್ಯ ಅಂತ ಲೆಕ್ಕ ಹಾಕುತ್ತಾರೆ. ಒಂದೊಂದೂ 13–14 ದಿನ. ನಕ್ಷತ್ರದ ಹೆಸರು, ಶುರುವಾಗುವ ಮತ್ತು ಮುಗಿಯುವ ತಾರೀಕು ಇರುವ ಪುಟ್ಟ ಟೇಬಲ್ಲನ್ನು ಮಳೆಯ ಟೇಬಲ್ಲಿಗೆ ಜೋಡಿಸಿದರೆ ಅದೇ ಲೆಕ್ಕ ಕಂಪ್ಯೂಟರಿಗೂ ಸಿಗುತ್ತದೆ. ಕೊಳೆ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬಿಡದ ಮಳೆಯಲ್ಲೇ ಹಬ್ಬುವುದರಿಂದ, ಎಷ್ಟು ದಿನ ಬಿಡುವಿಲ್ಲದೆ ಸುರಿಯಿತು ಎಂಬುದನ್ನೂ ಎಣಿಸಬೇಕು.

ಎಡವುವುದು ತಾರೀಕಿನಲ್ಲಿ. ಜುಲೈ 10ಕ್ಕೆ ಮುನ್ಸೂಚನೆ ಕೊಡಬೇಕಿದ್ದರೆ 9ರವರೆಗಿನ ಮಳೆ ಮಾತ್ರ ಸೇರಬೇಕು. ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಒಂದು ಸಾಲು ತಪ್ಪಿ, ಆಮೇಲೆ ಬರುವ ಪುಷ್ಯದ ಮಳೆಯೂ ಸೇರಿತೋ, ಹಳೆಯ ವರ್ಷಗಳಿಗೆ ಮಾಡೆಲ್ ಭರ್ಜರಿ ಉತ್ತರ ಕೊಡುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವನ ಮಾರ್ಕ್ಸ್ ಅದು. ಔಷಧಿಯ ಟೇಬಲ್ಲಿನಲ್ಲಿ ಇನ್ನೊಂದು ಗುಂಡಿ ಇದೆ. ಕೊಳೆ ಕಂಡ ಮೇಲೆ ಗಾಬರಿಯಿಂದ ಮತ್ತೊಮ್ಮೆ ಬೋರ್ಡೋ ಹೊಡೆಸುವವರು ಇದ್ದಾರಲ್ವಾ? ಆ ತಾರೀಕೂ ಸೇರಿದರೆ, ಔಷಧಿ ಹೊಡೆದದ್ದಕ್ಕೇ ಕೊಳೆ ಬಂತು ಅಂತ ಮಾಡೆಲ್ ಕಲಿಯಬಹುದು! ‘ಆರ್’ ತಾನಾಗಿ ಇದನ್ನು ಹಿಡಿಯುವುದಿಲ್ಲ. ಕೊಟ್ಟದ್ದನ್ನು ನಂಬುತ್ತದೆ.

ಪರೀಕ್ಷೆ ಮಾಡುವಾಗಲೂ ಅಲ್ಲೊಂದು ಇಲ್ಲೊಂದು ಸಾಲು ಬದಿಗಿಟ್ಟರೆ ಸಾಲದು. ಅಕ್ಕಪಕ್ಕದ ತೋಟಗಳಿಗೆ ಬಿದ್ದದ್ದು ಒಂದೇ ಮಳೆ; ಒಂದನ್ನು ನೋಡಿದ ಮಾಡೆಲ್‌ಗೆ ಇನ್ನೊಂದರ ಉತ್ತರವೂ ಗೊತ್ತಾದಂತೆಯೇ. ಇಡೀ ಎರಡು ವರ್ಷವನ್ನೇ ಮಾಡೆಲ್‌ಗೆ ತೋರಿಸದೆ ಇಟ್ಟು, ಆಮೇಲೆ ಅವುಗಳ ಮೇಲೆ ನೋಡಬೇಕು.

ಕೊಳೆ ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುವ ಲಾಜಿಸ್ಟಿಕ್ ರಿಗ್ರೆಷನ್ ಎಂಬ ವಿಧಾನ ಬಳಸಿದ್ದರೆ ಕೊನೆಗೆ ಉಳಿಯುವುದು ನಾಲ್ಕಾರು ಸಂಖ್ಯೆ ಅಷ್ಟೇ. ಅವನ್ನು ಡೇಟಾಬೇಸ್‌ನಲ್ಲೇ ಸೂತ್ರವಾಗಿ ಬರೆದಿಟ್ಟರೆ, ಬೆಳಿಗ್ಗೆ ಮಳೆಯ ಅಳತೆ ಹಾಕಿದ ಕೂಡಲೇ ಯಾವ ತೋಟಕ್ಕೆ ಮೊದಲು ಔಷಧಿ ಬೇಕು ಎಂಬ ಪಟ್ಟಿ ಬರುತ್ತದೆ. ‘ಆರ್’ಗೆ ಮುಂದಿನ ಕೆಲಸ ಕೊಯ್ಲು ಮುಗಿದು ಈ ವರ್ಷದ ದಾಖಲೆಯೂ ಸೇರಿದ ಮೇಲೆ.