ಸೇರದ ಪ್ಲಾಸ್ಟಿಕ್‌ಗಳನ್ನು ಸೇರಿಸಿದ ಬಗೆ

ಹಳೇ ಲ್ಯಾಪ್‌ಟಾಪ್ ಚಾರ್ಜರನ್ನೋ ಟಿವಿಯ ಹಿಂಬದಿಯ ಕವಚವನ್ನೋ ತಿರುಗಿಸಿ ನೋಡಿ. ಅಚ್ಚಿನಲ್ಲೇ ಮೂಡಿದ ಪುಟ್ಟ ಅಕ್ಷರಗಳಲ್ಲಿ ‘ಪಿಸಿ+ಎಬಿಎಸ್’ ಅಂತ ಎಷ್ಟೋ ಸಲ ಕಾಣಸಿಗುತ್ತದೆ. ಪಿಸಿ ಅಂದರೆ ಪಾಲಿಕಾರ್ಬೊನೇಟ್. ಪೆಟ್ಟು, ಶಾಖ ಎರಡಕ್ಕೂ ಜಗ್ಗದು, ಆದರೆ ದುಬಾರಿ, ಕರಗಿದಾಗಲೂ ಮಂದ. ಎಬಿಎಸ್ ಇನ್ನೊಂದು ಪ್ಲಾಸ್ಟಿಕ್. ಅದು ಅಗ್ಗ, ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ಇವೆರಡು ಪೂರ್ತಿ ಬೆರೆಯುವುದಿಲ್ಲ, ಆದರೂ ಒಂದಕ್ಕೊಂದು ಚೆನ್ನಾಗಿ ಅಂಟಿಕೊಳ್ಳುತ್ತವೆ. ಅಷ್ಟು ಸಾಕು.

ಎಲ್ಲ ಜೋಡಿಗೂ ಈ ಅದೃಷ್ಟವಿಲ್ಲ. ಕಾರಣವನ್ನು 1940ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಲೆಕ್ಕ ಹಾಕಿ ತೋರಿಸಿದರು. ಸಣ್ಣ ಅಣುಗಳು ಮನಬಂದಲ್ಲಿಗೆ ಚದುರಬಲ್ಲವು. ಪ್ಲಾಸ್ಟಿಕ್‌ನಂಥ ಪಾಲಿಮರ್‌ನಲ್ಲಿ ಸಾವಿರಾರು ಕೊಂಡಿಗಳು ಒಂದೇ ಸರಪಳಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಒಂದು ಹೋದತ್ತ ಉಳಿದವೂ ಹೋಗಬೇಕು. ಹಾಗಾಗಿ ಎರಡು ಪಾಲಿಮರ್‌ಗಳ ನಡುವೆ ಚೂರು ಅಸಮಾಧಾನವಿದ್ದರೂ ಬೇರೆಬೇರೆಯಾಗಿಬಿಡುತ್ತವೆ. ಉದ್ಯಮದವರು ಈ ಬೆರಕೆಗಳನ್ನು ‘ಅಲಾಯ್’, ಅಂದರೆ ಮಿಶ್ರಲೋಹ, ಅನ್ನುತ್ತಾರೆ. ಹಿತ್ತಾಳೆಯಲ್ಲಿ ತಾಮ್ರ-ಸತುವು ಬೆರೆತಷ್ಟು ಇಲ್ಲಿ ಬೆರೆಯುವುದು ಅಪರೂಪ, ಹೆಸರು ಕೊಂಚ ದೊಡ್ಡದಾಯಿತು.

ಆ ಅಪರೂಪಕ್ಕೆ ಹೆಸರಾಂತ ಉದಾಹರಣೆ ನೋರಿಲ್ ಎಂಬ ಬೆರಕೆ ಪ್ಲಾಸ್ಟಿಕ್. 1956ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಆ್ಯಲನ್ ಹೇ ಪಾಲಿಫಿನೈಲಿನ್ ಆಕ್ಸೈಡ್ ತಯಾರಿಸುವ ದಾರಿ ಕಂಡುಕೊಂಡರು. ಸುಮಾರು 210 ಡಿಗ್ರಿ ಸೆಲ್ಸಿಯಸ್‌ವರೆಗೂ ಮೆತ್ತಗಾಗದ ವಸ್ತು. ಆ ಗುಣವೇ ಮುಳುವಾಯಿತು: ಅಚ್ಚಿಗೆ ಹರಿಯುವಷ್ಟು ಕಾಯಿಸಿದರೆ ಕೆಡಲು ಶುರು. ಕೈಹಿಡಿದದ್ದು ಅಗ್ಗದ ಪಾಲಿಸ್ಟೈರೀನ್. ಅದು ಮೆತ್ತಗಾಗುವುದು ಸುಮಾರು 100 ಡಿಗ್ರಿಗೆ, ಮತ್ತು ಯಾವ ಪ್ರಮಾಣದಲ್ಲಿ ಹಾಕಿದರೂ ಇದರೊಡನೆ ಪೂರ್ತಿ ಬೆರೆಯುತ್ತದೆ. ಬೆರಕೆಗೆ ಮೆತ್ತಗಾಗುವ ಉಷ್ಣತೆ ಒಂದೇ. ಪ್ರಯೋಗಾಲಯದಲ್ಲಿ ಎರಡು ಕಂಡರೆ ಬೆರೆತಿಲ್ಲ ಎಂದರ್ಥ. ಎರಡರ ಪಾಲು ಹೆಚ್ಚುಕಡಿಮೆ ಮಾಡಿ, ಬೇಕಾದ ಉಷ್ಣತೆಗೆ ಹೊಂದಿಸಿಕೊಳ್ಳಬಹುದಾಯಿತು. 1966ರಲ್ಲಿ ನೋರಿಲ್ ಮಾರುಕಟ್ಟೆಗೆ ಬಂತು. ಹೊಸ ಅಣುವಿನಿಂದ ಆಗದ್ದು ಬೆರಕೆಯಿಂದ ಆಯಿತು.

ಉಳಿದವಕ್ಕೆ ಮಧ್ಯಸ್ಥಿಕೆ ಬೇಕು. ಜಗಳಗಂಟರನ್ನು ನಾವು ಎಣ್ಣೆ-ಸೀಗೇಕಾಯಿ ಅನ್ನುತ್ತೇವೆ. ಪಾಪ, ಸೀಗೇಕಾಯಿ ಮಾಡುವುದು ಸಂಧಾನ: ಅದರ ನೊರೆಕಾರಕ ಅಣುಗಳ ಒಂದು ತುದಿ ಎಣ್ಣೆಯನ್ನು, ಇನ್ನೊಂದು ನೀರನ್ನು ಹಿಡಿಯುತ್ತದೆ. 1970ರ ದಶಕದಲ್ಲಿ ಡುಪಾಂಟ್ ಕಂಪನಿ ನೈಲಾನ್‌ಗೆ ಮಾಡಿದ್ದೂ ಇಂಥದ್ದೇ. ಒಂದು ಗೀರು ಬಿದ್ದರೆ ನೈಲಾನ್ ಅಲ್ಲಿಂದಲೇ ಸೀಳುತ್ತದೆ. ರಬ್ಬರ್ ಸೇರಿಸೋಣವೆಂದರೆ ಎರಡಕ್ಕೂ ಆಗಿಬರುವುದಿಲ್ಲ. ಅದಕ್ಕೇ ನೈಲಾನ್ ಸರಪಳಿಯ ತುದಿಯೊಡನೆ ಬೆಸೆದುಕೊಳ್ಳುವ ರಾಸಾಯನಿಕ ಕೊಕ್ಕೆಯನ್ನು ರಬ್ಬರ್‌ಗೆ ಮೊದಲೇ ಸಿಕ್ಕಿಸಿದರು. ಆಗ ರಬ್ಬರ್ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ) ಚಿಕ್ಕ ಹನಿಗಳಾಗಿ ಹರಡಿ, ಸೀಳಿನ ಪೆಟ್ಟನ್ನು ನುಂಗತೊಡಗಿತು.

ಮರುಬಳಕೆಯ ಬಕೆಟ್‌ನ ಹಿಡಿ ಮುರಿದ ಜಾಗದಲ್ಲಿ ಉಗುರು ತಾಗಿಸಿದರೆ ಕೆಲವೊಮ್ಮೆ ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್ ಒಟ್ಟಿಗೆ ಕರಗಿಸಿದರೆ ಹೀಗಾಗಬಹುದು. ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಒಂದಾಗವು. 2017ರಲ್ಲಿ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು ಎರಡರ ತುಣುಕುಗಳನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿ ಒಂದು ಮಧ್ಯಸ್ಥನನ್ನು ತಯಾರಿಸಿದರು. ಶೇ. 1ರಷ್ಟು ಹಾಕಿದ್ದಕ್ಕೇ, ಎಳೆದರೆ ಪಟ್ಟನೆ ತುಂಡಾಗುತ್ತಿದ್ದ ಬೆರಕೆ ಹರಿಯದೆ ಉದ್ದುದ್ದ ಹಿಗ್ಗಿತು.