ಗಂಡಸರೆಲ್ಲ ಬೊಂಬಾಯಿಗೆ: ಉಡುಪಿಯ 1,094ರ ಹಿಂದಿನ ಕಥೆ

2011ರ ಜನಗಣತಿ ಪ್ರಕಾರ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಇಡೀ ರಾಜ್ಯದಲ್ಲಿ 973. ಹೆಣ್ಣಿಗೆ ಬೆಲೆ ಕೊಡುವ ಊರು ನಮ್ಮದು ಅಂತ ನಾವು ಬೀಗುವುದಕ್ಕೆ ಇಷ್ಟು ಸಾಕು, ಅಲ್ವಾ?

ಆದರೆ ಅದೇ ಗಣತಿಯಲ್ಲಿ 6 ವರ್ಷದವರೆಗಿನ ಮಕ್ಕಳನ್ನಷ್ಟೇ ನೋಡಿ. ಉಡುಪಿಯಲ್ಲೂ ಹುಡುಗರೇ ಜಾಸ್ತಿ. ಹುಟ್ಟುವಾಗ ಗಂಡುಮಕ್ಕಳು ಸ್ವಲ್ಪ ಹೆಚ್ಚಿರುವುದು ಎಲ್ಲ ಕಡೆ ಇದ್ದದ್ದೇ. ಹಾಗಾದರೆ ದೊಡ್ಡವರಾಗುವಷ್ಟರಲ್ಲಿ ಅವರೆಲ್ಲ ಎಲ್ಲಿ ಹೋದರು?

ಬೊಂಬಾಯಿಗೆ. ಗದ್ದೆ ಚಿಕ್ಕದು, ಬಾಯಿ ಜಾಸ್ತಿ. ಹುಡುಗರು ಅಲ್ಲಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದರು, ಕೆಲವರು ರಾತ್ರಿ ಶಾಲೆಯಲ್ಲಿ ಓದಿದರು, ಊರಿಗೆ ಮನಿಯಾರ್ಡರ್ ಕಳಿಸಿದರು. 1970ರ ದಶಕದಿಂದ ಗಲ್ಫ್ ದಾರಿಯೂ ತೆರೆಯಿತು. ಗಣತಿಯವರು ಮನೆಗೆ ಬಂದಾಗ ಇದ್ದವರು ಅಮ್ಮ, ಅಜ್ಜಿ, ಅತ್ತಿಗೆ. ಅದೇ 2011ರಲ್ಲಿ ಮುಂಬೈ ನಗರ ಜಿಲ್ಲೆಯಲ್ಲಿ 1,000 ಗಂಡಸರಿಗೆ 832 ಹೆಂಗಸರಷ್ಟೇ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಹೋದವರಲ್ಲಿ ನಮ್ಮವರೂ ಸೇರಿದ್ದಾರೆ.

ಉಳಿದ ಹೆಂಗಸರು ಸುಮ್ನೆ ಕೂತಿರಲಿಲ್ಲ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಜಗಲಿಯಲ್ಲಿ ಬೀಡಿ ಕಟ್ಟಿದರು. ಗೇರುಬೀಜದ ಕಾರ್ಖಾನೆಗೆ ಹೋದರು. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತರು. ಅವರ ಕೈಯಲ್ಲೂ ನಾಲ್ಕು ಕಾಸು ಓಡಾಡಿತು.

ಇದಕ್ಕೂ ಹಳೆಯದು ಅಳಿಯಕಟ್ಟು. ಬಂಟರು, ಬಿಲ್ಲವರು, ಮೊಗವೀರರಲ್ಲಿ ಕುಟುಂಬ ಬೆಳೆಯುವುದು ತಾಯಿಯ ಕಡೆಯಿಂದ. ಹೆಣ್ಣು ಹುಟ್ಟದಿದ್ದರೆ ಕುಟುಂಬವೇ ಮುಗಿಯಿತು ಅನ್ನುವ ಕಡೆ ಹೆಣ್ಣುಮಗು ಹೊರೆ ಆಗುವುದು ಹೇಗೆ? ಹಾಗಂತ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ಅದನ್ನೂ ಮರೆಯಬಾರದು. ಹರಿಯಾಣದಲ್ಲಿ 2011ರಲ್ಲಿ ಮಕ್ಕಳ ಲೆಕ್ಕವೇ 1,000 ಹುಡುಗರಿಗೆ ಬರೀ 834 ಹುಡುಗಿಯರು. ಅಲ್ಲಿ ಹುಟ್ಟುವ ಮೊದಲೇ ಹೆಣ್ಣು ಕಡಿಮೆಯಾದಳು. ಇಲ್ಲಿ ಕಡಿಮೆಯಾದದ್ದು ಬೆಳೆದ ಗಂಡಸರು.

ದಕ್ಷಿಣ ಕನ್ನಡದ ಲೆಕ್ಕ 1,020. ಮಂಗಳೂರಿನ ಬಂದರು, ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ ಹೊರಗಿನ ಗಂಡಸರನ್ನು ಕರೆಸಿಕೊಂಡವು. ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಉಡುಪಿಯ ಲೆಕ್ಕ 2001ರಲ್ಲಿ 1,130 ಇತ್ತು. ಹತ್ತು ವರ್ಷದಲ್ಲಿ 36 ಇಳಿಯಿತು. ಈಗ ರಾತ್ರಿ ಬೆಂಗಳೂರು ಬಸ್ಸಿನ ಹತ್ತಿರ ನಿಂತು ನೋಡಿ. ಬ್ಯಾಗು ಹಿಡಿದು ಹತ್ತುವವರಲ್ಲಿ ಹುಡುಗಿಯರೂ ಅಷ್ಟೇ ಇರುತ್ತಾರೆ.